ಎರೆಹುಳುವಿನ ಏಕಕೋಶ ಪರಾವಲಂಬಿ: ‘ಹೊಸ ಪ್ರಭೇದ’ ಅನ್ನುವ ಮುನ್ನ

ಎರೆಹುಳುಗಳ ವೀರ್ಯಚೀಲದಲ್ಲಿ ಬದುಕುವ ಗ್ರೆಗರೈನ್ ಎಂಬ ಏಕಕೋಶ ಪರಾವಲಂಬಿಗಳ ಬಗ್ಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಎರೆಗೊಬ್ಬರ ತಯಾರಿಸುವವರು ಕೇಳಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಎರೆಹುಳುವಿನ ವೀರ್ಯಚೀಲದ ಹಾಲಿನಂಥ ದ್ರವವನ್ನು ಸ್ಲೈಡಿನ ಮೇಲೆ ಹಾಕಿ ನೋಡಿದೆ. ಮೈತುಂಬ ರೋಮವಿರುವ ಉದ್ದನೆಯ ಜೀವಿಯೊಂದು ನಿಧಾನವಾಗಿ ಹೊರಳುತ್ತಿತ್ತು. ಸುತ್ತ ದೋಣಿಯಾಕಾರದ ಸಣ್ಣ ಕಾಳುಗಳಿದ್ದವು. ಇದು ಹೊಸ ಸಿಲಿಯೇಟ್ ಇರಬಹುದೇ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಸಿಲಿಯೇಟ್ (ಸಿಲಿಯಾ ಎಂಬ ರೋಮವಿರುವ ಏಕಕೋಶ ಜೀವಿ) ಅಲ್ಲ, ಗ್ರೆಗರೈನ್. ಮಲೇರಿಯಾ ತರುವ ಪ್ಲಾಸ್ಮೋಡಿಯಮ್ ಇರುವ ಎಪಿಕಾಂಪ್ಲೆಕ್ಸಾ ಗುಂಪಿಗೇ ಇದೂ ಸೇರಿದ್ದು. ಆದರೆ ಗ್ರೆಗರೈನ್‌ಗಳು ಬೆನ್ನೆಲುಬಿಲ್ಲದ ಪ್ರಾಣಿಗಳನ್ನಷ್ಟೇ ಆಶ್ರಯಿಸುತ್ತವೆ. ಎರೆಹುಳುವಿನ ವೀರ್ಯಚೀಲದಲ್ಲಿ ಸಿಗುವವು ಹೆಚ್ಚಾಗಿ ಮಾನೊಸಿಸ್ಟಿಡೀ ಕುಟುಂಬದವು. ಅದರ ಮುಖ್ಯ ಕುಲವಾದ ಮಾನೊಸಿಸ್ಟಿಸ್‌ಗೆ 1848ರಲ್ಲೇ ಸ್ಟೈನ್ ಹೆಸರಿಟ್ಟರು.

ನೀವು ಕಂಡ ರೋಮ ಬಹುಮಟ್ಟಿಗೆ ಪರಾವಲಂಬಿಯದ್ದಲ್ಲ, ಎರೆಹುಳುವಿನದು. ಪರಾವಲಂಬಿಯ ಎಳೆಯ ರೂಪ ಎರೆಹುಳುವಿನ ವೀರ್ಯಾಣುಗಳು ಬೆಳೆಯುವ ಗೊಂಚಲಿನ ನಡುವೆ ಹೊಕ್ಕು, ಅಲ್ಲಿನ ತಿರುಳನ್ನು ತಿಂದು ದೊಡ್ಡದಾಗುತ್ತದೆ. ಹೀಗೆ ತಿಂದು ಬೆಳೆಯುವ ಹಂತವೇ ಟ್ರೋಫೋಜೊಯಿಟ್. ಪೋಷಣೆ ತಪ್ಪಿದ ವೀರ್ಯಾಣುಗಳು ಸೊರಗಿ, ಅವುಗಳ ಬಾಲಗಳು ಪರಾವಲಂಬಿಯ ಮೈಗೆ ಅಂಟಿಕೊಂಡು ಉಳಿಯುತ್ತವೆ. ನೂರಾರು ಬಾಲಗಳು ಹೀಗೆ ಅಂಟಿದಾಗ ಸಿಲಿಯಾದಂತೆಯೇ ಕಾಣುತ್ತದೆ. ಉಪ್ಪುನೀರಿನಲ್ಲಿ ಎರಡು ಮೂರು ಸಲ ತೊಳೆದರೆ ಅವು ಅಲ್ಲಲ್ಲಿ ಉದುರಿ ಮೈ ಬರಿದಾಗುತ್ತದೆ. ಉದುರದೆ, ಮೈತುಂಬ ಒಂದೇ ಸಮನೆ ಉಳಿದರೆ ಮಾತ್ರ ಅದು ಕೋಶದ್ದೇ ರೋಮವೇ ಎಂದು ಯೋಚಿಸಬೇಕು. ರಿಂಕೊಸಿಸ್ಟಿಸ್ ಪೈಲೋಸಾದಂಥ ಪ್ರಭೇದಗಳಲ್ಲಿ ನಿಜವಾಗಿಯೂ ಮೈಯದೇ ಚಾಚುಗಳಿವೆ. ವಿವರಣೆ ಬರೆಯುವಾಗ ಈ ಎರಡನ್ನು ಬೆರೆಸಿದರೆ ಇಡೀ ಪ್ರಬಂಧವೇ ದಾರಿ ತಪ್ಪುತ್ತದೆ.

ದೋಣಿಯಾಕಾರದ ಕಾಳುಗಳು ಗಟ್ಟಿ ಕವಚದ ಊಸಿಸ್ಟ್‌ಗಳು. ಬೆಳೆದ ಟ್ರೋಫೋಜೊಯಿಟ್‌ಗಳು ಎರಡೆರಡಾಗಿ ಜೋಡಿಗೂಡಿ, ಸುತ್ತ ಒಂದೇ ಕವಚ ಕಟ್ಟಿಕೊಳ್ಳುತ್ತವೆ. ಇದು ಗ್ಯಾಮಿಟೋಸಿಸ್ಟ್. ಒಳಗೆ ಇಬ್ಬರ ಕೋಶಕೇಂದ್ರವೂ ಮತ್ತೆ ಮತ್ತೆ ಒಡೆದು ಗ್ಯಾಮೀಟುಗಳು, ಅಂದರೆ ಲಿಂಗಾಣುಗಳಾಗುತ್ತವೆ. ಅವು ಕೂಡಿದಾಗ ಒಂದೊಂದು ಜೋಡಿಯಿಂದ ಒಂದೊಂದು ಊಸಿಸ್ಟ್, ಪ್ರತಿ ಊಸಿಸ್ಟಿನಲ್ಲಿ 8 ಸ್ಪೋರೊಜೊಯಿಟ್ (ಸೋಂಕು ಹರಡುವ ಮರಿಕೋಶ). ವೀರ್ಯಚೀಲದಿಂದ ಇವಕ್ಕೆ ನೇರ ಹೊರದಾರಿ ಇಲ್ಲ. ಹುಳು ಸತ್ತು ಕೊಳೆತಾಗ, ಇಲ್ಲವೇ ಹಕ್ಕಿ ತಿಂದು ಹಿಕ್ಕೆ ಹಾಕಿದಾಗ ಮಣ್ಣು ಸೇರುತ್ತವೆ. ಆ ಮಣ್ಣು ನುಂಗಿದ ಇನ್ನೊಂದು ಹುಳುವಿನ ಕರುಳಿನಲ್ಲಿ ಊಸಿಸ್ಟ್ ಒಡೆದು, ಸ್ಪೋರೊಜೊಯಿಟ್‌ಗಳು ಕರುಳ ಗೋಡೆ ದಾಟಿ ವೀರ್ಯಚೀಲ ತಲುಪುತ್ತವೆ.

ನಿಮ್ಮ ಒಂದೇ ಸ್ಲೈಡಿನಲ್ಲಿ ಎರಡು ಹಂತ ಸಿಕ್ಕಿವೆ. ಪ್ರಭೇದ ಗುರುತಿಸಲು ಇವೆರಡರ ಜೊತೆಗೆ ಜೋಡಿಗೂಡಿದ ಹಂತವೂ ಗ್ಯಾಮಿಟೋಸಿಸ್ಟೂ ಬೇಕು. ಸ್ಲೈಡನ್ನು ಎಸೆಯಬೇಡಿ.

ಪ್ರಶ್ನೆ: ಪರಾವಲಂಬಿಯನ್ನು ಹಾಳಾಗದಂತೆ ಹೊರತೆಗೆಯುವ ಕ್ರಮವೇನು? ನನಗೆ ಸಿಕ್ಕವೆಲ್ಲ ಉಬ್ಬಿ ಒಡೆದುಹೋಗುತ್ತಿವೆ.
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಒಡೆಯುವುದಕ್ಕೆ ಕಾರಣ ನೀರು. ನೀವು ನಲ್ಲಿ ನೀರು ಅಥವಾ ಬರೀ ಡಿಸ್ಟಿಲ್ಡ್ ವಾಟರ್ ಬಳಸುತ್ತಿರಬೇಕು. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ 6 ಗ್ರಾಂ ಸೋಡಿಯಂ ಕ್ಲೋರೈಡ್ ಹಾಕಿ, ಅಂದರೆ ಶೇ. 0.6. ಆಸ್ಪತ್ರೆಯ ಸಲೈನ್ ಬಾಟಲಿ ಶೇ. 0.9ರದ್ದು, ಅದನ್ನು ಹಾಗೆಯೇ ಬಳಸಿದರೆ ಕೋಶ ಮುದುಡಿ ಅಂಚು ಸುಕ್ಕಾಗುತ್ತದೆ. ಎರಡು ಪಾಲು ಸಲೈನಿಗೆ ಒಂದು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 0.6ಕ್ಕೆ ಬರುತ್ತದೆ.

ಹುಳು ಬಲಿತದ್ದಾಗಿರಲಿ. ಮುಂಭಾಗದಲ್ಲಿ ಕ್ಲೈಟೆಲ್ಲಮ್ ಎಂಬ ದಪ್ಪ ಪಟ್ಟಿ ಸ್ಪಷ್ಟವಾಗಿ ಕಾಣದ ಹುಳುವಿನಲ್ಲಿ ವೀರ್ಯಚೀಲವೇ ಬೆಳೆದಿರುವುದಿಲ್ಲ. ಮಳೆಗಾಲದಲ್ಲಿ ಮೇಲ್ಮಣ್ಣಿನಲ್ಲೇ ಬಲಿತ ಹುಳು ಸಿಗುವುದರಿಂದ ಅದೇ ಒಳ್ಳೆಯ ಸಮಯ. ಮಣ್ಣು ತೊಳೆದು, ಶೇ. 10ರ ಆಲ್ಕೋಹಾಲಿನಲ್ಲಿ 10–15 ನಿಮಿಷ ಇಡಿ. ಮುಟ್ಟಿದರೆ ಮಿಸುಕದಷ್ಟು ಆದ ಮೇಲೆ ಬೆನ್ನಿನ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದು ಕೊಯ್ಯಿರಿ. ನಡುಗೆರೆಯಲ್ಲೇ ಕೊಯ್ದರೆ ಬೆನ್ನಿನ ರಕ್ತನಾಳ ಹರಿದು ಎಲ್ಲ ಕೆಂಪಾಗಿ ಏನೂ ಕಾಣದು.

ನಮ್ಮ ಪಠ್ಯಗಳ ಪರಿಚಿತ ಹುಳು ಮೆಟಾಫೈರ್ ಪೋಸ್ತುಮಾದಲ್ಲಿ (ಹಳೆಯ ಹೆಸರು ಫೆರೆಟಿಮಾ) ವೀರ್ಯಚೀಲಗಳು ಮುಂತುದಿಯಿಂದ ಎಣಿಸಿದರೆ 11 ಮತ್ತು 12ನೇ ಖಂಡಗಳಲ್ಲಿ (ಮೈಯ ಉಂಗುರಗಳಲ್ಲಿ) ಎರಡು ಜೊತೆ. 11ರದ್ದು ವೃಷಣಚೀಲದೊಳಗೆ ಅಡಗಿರುತ್ತದೆ, 12ರದ್ದು ಸುಲಭವಾಗಿ ಸಿಗುತ್ತದೆ. ಬೇರೆ ಹುಳುವಿನಲ್ಲಿ ಸ್ಥಾನ ಬದಲಾಗುತ್ತದೆ. ಯುರೋಪಿನ ಲುಂಬ್ರಿಕಸ್ ಟೆರೆಸ್ಟ್ರಿಸ್‌ನಲ್ಲಿ 9, 11, 12ನೇ ಖಂಡಗಳಲ್ಲಿ ಮೂರು ಜೊತೆ. ಆದ್ದರಿಂದ ಯಾವ ಖಂಡದ ಚೀಲದಿಂದ ತೆಗೆದಿರಿ ಎಂಬುದನ್ನು ಕೊಯ್ಯುವಾಗಲೇ ಬರೆದಿಡಿ, ಆಮೇಲೆ ನೆನಪಾಗುವುದಿಲ್ಲ.

ಚೀಲವನ್ನು ವಾಚ್‌ಗ್ಲಾಸಿನ ಉಪ್ಪುನೀರಿಗೆ ಹಾಕಿ ಸೂಜಿಯಿಂದ ಬಿಡಿಸಿ. ಒಂದು ಹನಿ ಸ್ಲೈಡಿಗೆ ಹಾಕಿ, ಕವರ್‌ಸ್ಲಿಪ್ಪಿನ ನಾಲ್ಕು ಮೂಲೆಗೂ ವ್ಯಾಸಲೀನಿನ ಚಿಕ್ಕ ಚುಕ್ಕೆ ಇಟ್ಟು ಮುಚ್ಚಿ. ಈ ಚುಕ್ಕೆಯ ಕಾಲು ಇಲ್ಲದಿದ್ದರೆ ಗಾಜಿನ ಭಾರಕ್ಕೆ ಟ್ರೋಫೋಜೊಯಿಟ್ ಚಪ್ಪಟೆಯಾಗಿ ಅಗಲ ಹೆಚ್ಚು ತೋರುತ್ತದೆ. ಚಲನೆ, ಆಕಾರದ ಏರಿಳಿತ, ಮುಂತುದಿಯ ರೂಪ, ಇವೆಲ್ಲ ಜೀವಂತವಾಗಿದ್ದಾಗಲೇ ನೋಡಿ ಚಿತ್ರ ಬರೆದುಕೊಳ್ಳಬೇಕು. ಸತ್ತ ಮೇಲೆ ಎಲ್ಲವೂ ಒಂದೇ ತರಹದ ಚೀಲದಂತೆ ಕಾಣುತ್ತವೆ.

ಇನ್ನೊಂದು ಎಚ್ಚರ. ಎರೆಹುಳುವಿನ ಮೈಯೊಳಗೆ ದುಂಡುಹುಳುಗಳ ಮರಿಗಳೂ ಇರುತ್ತವೆ. ಉದ್ದನೆಯ ಗ್ರೆಗರೈನ್‌ಗಳೊಡನೆ ಇವನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ದುಂಡುಹುಳು ಚಾಟಿಯಂತೆ ಬಳುಕುತ್ತದೆ, ಒಳಗೆ ಗಂಟಲೂ ಕರುಳೂ ಕಾಣುತ್ತವೆ. ಗ್ರೆಗರೈನ್‌ನಲ್ಲಿ ಒಂದೇ ಕೋಶಕೇಂದ್ರ, ಸುತ್ತ ಕಾಳುಕಾಳಾದ ದ್ರವ. ಅನುಮಾನ ಬಂದರೆ ಅಂಚಿನಿಂದ ಒಂದು ತೊಟ್ಟು ಅಯೋಡಿನ್ ದ್ರಾವಣ ಬಿಡಿ: ಗ್ರೆಗರೈನ್ ಕೂಡಿಟ್ಟ ಪಿಷ್ಟದಂಥ ಕಾಳುಗಳು ಕಂದು ಬಣ್ಣಕ್ಕೆ ತಿರುಗುತ್ತವೆ.

ಪ್ರಶ್ನೆ: ಹಳೆಯ ಪ್ರಬಂಧಗಳಲ್ಲೆಲ್ಲ ಶೌಡಿನ್ ದ್ರಾವಣ ಮತ್ತು ಹೈಡೆನ್‌ಹೈನ್ ಹೆಮಟಾಕ್ಸಿಲಿನ್ ಎಂದಿದೆ. ನಮ್ಮ ವಿಭಾಗದಲ್ಲಿ ಪಾದರಸದ ಲವಣ ಬಳಸಲು ಬಿಡುವುದಿಲ್ಲ. ಬದಲಿ ಇದೆಯೇ? ಬಣ್ಣ ಕಟ್ಟಿದರೂ ಕೋಶಕೇಂದ್ರ ಕರಿಯ ಮುದ್ದೆಯಾಗಿ ಕಾಣುತ್ತದೆ, ಏಕೆ?
— ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬಿಡದಿರುವುದೇ ಸರಿ. ಬಣ್ಣ ಕಟ್ಟುವ ಮೊದಲು ಕೋಶವನ್ನು ಇದ್ದ ರೂಪದಲ್ಲೇ ಗಟ್ಟಿಮಾಡುವ ಶೌಡಿನ್ ದ್ರಾವಣದ ಮುಖ್ಯ ಅಂಶ ಮರ್ಕ್ಯೂರಿಕ್ ಕ್ಲೋರೈಡ್, ಘೋರ ವಿಷ. ಅದನ್ನು ಸಿಂಕಿಗೆ ಸುರಿಯುವಂತಿಲ್ಲ, ಲೋಹದ ಚಿಮಟ ತಾಗಿಸುವಂತಿಲ್ಲ. ಬದಲಿಗೆ ಬೂಯಾನ್ ದ್ರಾವಣ ಬಳಸಿ: ಪಿಕ್ರಿಕ್ ಆಮ್ಲದ ಪರ್ಯಾಪ್ತ ದ್ರಾವಣ 75 ಮಿ.ಲೀ., ಫಾರ್ಮಲಿನ್ 25 ಮಿ.ಲೀ., ಗ್ಲೇಶಿಯಲ್ ಅಸೆಟಿಕ್ ಆಮ್ಲ 5 ಮಿ.ಲೀ. ಇದಕ್ಕೂ ಒಂದು ಅಪಾಯವಿದೆ: ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುತ್ತದೆ. ಬಾಟಲಿಯಲ್ಲಿ ಯಾವಾಗಲೂ ನೀರು ಇರಬೇಕು, ಮುಚ್ಚಳದ ಸುತ್ತ ಹಳದಿ ಪುಡಿ ಕಟ್ಟಿದ್ದರೆ ತಿರುಗಿಸಲು ಹೋಗಬೇಡಿ, ಪ್ರಯೋಗಾಲಯದ ಹೊಣೆ ಹೊತ್ತವರಿಗೆ ತಿಳಿಸಿ.

ಅಕ್ಕಿ ಕಾಳಿನ ಅರ್ಧದಷ್ಟು ವೀರ್ಯಚೀಲದ ಚೂರನ್ನು ಕವರ್‌ಸ್ಲಿಪ್ಪಿನ ಮೇಲೆ ರಕ್ತದ ಲೇಪದಷ್ಟೇ ತೆಳ್ಳಗೆ ಹರಡಿ, ಹಸಿ ಆರುವ ಮೊದಲೇ ಮುಖ ಕೆಳಗಾಗಿ ದ್ರಾವಣದ ಮೇಲೆ ತೇಲಿಬಿಡಿ. ಹೆಚ್ಚಿನ ಲೇಪಗಳು ಕೆಡುವುದು ಇಲ್ಲಿಯೇ. ಐದಾರು ಸೆಕೆಂಡು ಗಾಳಿಗೆ ಒಣಗಿದರೂ ಕೋಶಕೇಂದ್ರದ ಸುತ್ತ ಬಿಳಿ ಟೊಳ್ಳು ಮೂಡುತ್ತದೆ. ಅದನ್ನು ‘ಪ್ರಭೇದದ ಲಕ್ಷಣ’ ಎಂದು ಬರೆದುಬಿಡುವ ಅಪಾಯವಿದೆ. ದಪ್ಪ ಹಚ್ಚಿದರೆ ಮುಂದಿನ ಹಂತಗಳಲ್ಲಿ ಎದ್ದುಹೋಗುತ್ತದೆ. 20–30 ನಿಮಿಷದ ನಂತರ ಶೇ. 70ರ ಆಲ್ಕೋಹಾಲಿನಲ್ಲಿ ಹಳದಿ ಹೋಗುವವರೆಗೆ ಬದಲಿಸಿ ಬದಲಿಸಿ ತೊಳೆಯಿರಿ. ಆಮೇಲೆ 50, 30, ಡಿಸ್ಟಿಲ್ಡ್ ವಾಟರ್, ತಲಾ ಐದು ನಿಮಿಷ.

ಬಣ್ಣಕ್ಕೆ ಮೊದಲು ಶೇ. 3ರ ಐರನ್ ಆಲಮ್‌ನಲ್ಲಿ ಎರಡು ಗಂಟೆಯಿಂದ ಒಂದು ರಾತ್ರಿ. ಸ್ವಲ್ಪ ತೊಳೆದು, ಶೇ. 0.5ರ ಹೆಮಟಾಕ್ಸಿಲಿನ್‌ನಲ್ಲಿ ಅಷ್ಟೇ ಹೊತ್ತು. ಆಲಮ್ ಹರಳು ನೇರಳೆ ಬಣ್ಣದ್ದಿರಬೇಕು. ಕಂದು ಪುಡಿಯಾಗಿದ್ದರೆ ಕೆಟ್ಟಿದೆ. ಹೆಮಟಾಕ್ಸಿಲಿನ್ ಅನ್ನು ಇಂದು ಕರಗಿಸಿ ಇಂದೇ ಬಳಸಿದರೆ ಬಣ್ಣ ಹಿಡಿಯುವುದಿಲ್ಲ. 0.5 ಗ್ರಾಂ ಪುಡಿಯನ್ನು 10 ಮಿ.ಲೀ. ಆಲ್ಕೋಹಾಲಿನಲ್ಲಿ ಕರಗಿಸಿ, 90 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿ, ಬಾಯಿಗೆ ಹತ್ತಿ ಕಟ್ಟಿ 4–6 ವಾರ ಮಾಗಲು ಬಿಡಬೇಕು.

ನಿಮ್ಮ ಕರಿಯ ಮುದ್ದೆಗೆ ಕಾರಣ ಮುಂದಿನ ಹಂತ. ಹೈಡೆನ್‌ಹೈನ್ ವಿಧಾನದಲ್ಲಿ ಮೊದಲು ಎಲ್ಲವೂ ಕಪ್ಪಾಗುತ್ತದೆ, ಆಮೇಲೆ ಶೇ. 1ರ ಐರನ್ ಆಲಮ್‌ನಲ್ಲಿ ಬೇಕಾದಷ್ಟೇ ಬಣ್ಣ ಇಳಿಸಬೇಕು. ಇದನ್ನು ಗಡಿಯಾರ ನೋಡಿ ಮಾಡಲಾಗದು. ಲೇಪವನ್ನು ಮೇಲಿಂದ ಮೇಲೆ ನೀರಿಗದ್ದಿ, ಮೈಕ್ರೋಸ್ಕೋಪಿನಡಿ ನೋಡುತ್ತ ಇಳಿಸಿ. ಕೋಶದ್ರವ ಬೂದು ಬಣ್ಣಕ್ಕೆ ಬಂದು, ಕೋಶಕೇಂದ್ರದ ಗೆರೆ ಬಿಡಿಸಿಕೊಂಡು, ಒಳಗಿನ ಕ್ಯಾರಿಯೋಸೋಮ್ ಎಂಬ ದಟ್ಟ ಗುಂಡು ಮಾತ್ರ ಕಪ್ಪಾಗಿ ಉಳಿದಾಗ ನಿಲ್ಲಿಸಿ. ಕೂಡಲೇ ಹರಿಯುವ ನೀರಿನಲ್ಲಿ ಅರ್ಧ ಗಂಟೆ ತೊಳೆಯಬೇಕು. ಉಳಿದ ಆಲಮ್ ಒಳಗೇ ಕೂತರೆ ವರ್ಷ ಕಳೆಯುವುದರೊಳಗೆ ಸ್ಲೈಡ್ ಮಸುಕಾಗುತ್ತದೆ. ಹಂತ ಹಂತವಾಗಿ ಆಲ್ಕೋಹಾಲ್ ಏರಿಸಿ, ಝೈಲೀನ್ ದಾಟಿಸಿ, ಕವರ್‌ಸ್ಲಿಪ್ ಅಂಟಿಸುವ ಡಿಪಿಎಕ್ಸ್‌ನಲ್ಲಿ ಕೂರಿಸಿ. ಝೈಲೀನಿಗೆ ಹಾಕಿದಾಗ ಬಿಳಿ ಮಂಜು ಕಂಡರೆ ನೀರು ಉಳಿದಿದೆ ಎಂದರ್ಥ. ಶುದ್ಧ ಆಲ್ಕೋಹಾಲಿಗೆ ಹಿಂದಿರುಗಿ.

ಪ್ರಶ್ನೆ: ಒಂದೇ ಹುಳುವಿನಲ್ಲಿ ಚೆಂಡಿನಂಥದ್ದೂ ದಾರದಂಥದ್ದೂ ಸಿಕ್ಕಿವೆ. ಎರಡೂ ಮಾನೊಸಿಸ್ಟಿಸ್ ಎಂದೇ ಬರೆಯಬಹುದೇ?
— ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಬೇಡ. ಒಂದೇ ಹುಳುವಿನಲ್ಲಿ ಎರಡು ಮೂರು ಕುಲಗಳು ಒಟ್ಟಿಗೆ ಇರುವುದು ಸಾಮಾನ್ಯ. ಟ್ರೋಫೋಜೊಯಿಟ್ ಚೆಂಡಿನಂತೆ ಗುಂಡಾಗಿದ್ದು ಮುಂತುದಿ ಯಾವುದೆಂದೇ ತಿಳಿಯದಿದ್ದರೆ ಅಪೊಲೊಸಿಸ್ಟಿಸ್ ಕಡೆ ನೋಡಿ. ಕೊಳವೆಯಂತೆ ತುಂಬ ಉದ್ದವಾಗಿ ದುಂಡುಹುಳುವನ್ನು ನೆನಪಿಸಿದರೆ ನೆಮಟೊಸಿಸ್ಟಿಸ್. ಮುಂತುದಿಯಲ್ಲಿ ಶಂಕು ಅಥವಾ ಸೊಂಡಿಲಿನಂಥ ಭಾಗವಿದ್ದರೆ ರಿಂಕೊಸಿಸ್ಟಿಸ್. ಎಳವೆಯಲ್ಲೇ ಜೋಡಿಯಾಗಿ ಅಂಟಿಕೊಂಡೇ ಬೆಳೆಯುವುದು ಜೈಗೊಸಿಸ್ಟಿಸ್. ಮುಂತುದಿಯಲ್ಲಿ ಹೂವಿನ ಎಸಳಿನಂಥ ಹೀರುಬಟ್ಟಲು ಕಂಡರೆ ಸ್ಟೊಮಟೊಫೋರಾ. ಉದ್ದವಾಗಿ, ಆಕಾರ ಬದಲಿಸುತ್ತ, ಇಂಥ ಯಾವ ವಿಶೇಷವೂ ಇಲ್ಲದವು ಮಾನೊಸಿಸ್ಟಿಸ್‌ಗೆ ಬರುತ್ತವೆ.

ತೊಂದರೆಯೇನೆಂದರೆ ಜೋಡಿಗೂಡುವ ಮುನ್ನ ಉದ್ದನೆಯವೂ ದುಂಡಗಾಗುತ್ತವೆ. ಆದ್ದರಿಂದ ಒಂದು ಗುಂಡು ಕಂಡ ಮಾತ್ರಕ್ಕೆ ಅಪೊಲೊಸಿಸ್ಟಿಸ್ ಆಗುವುದಿಲ್ಲ. ಎಳೆಯದರಿಂದ ಬಲಿತದ್ದರವರೆಗೆ ಎಲ್ಲ ಗಾತ್ರದಲ್ಲೂ ಗುಂಡಾಗಿಯೇ ಇದೆಯೇ ನೋಡಿ. ಯಾವ ಊಸಿಸ್ಟ್ ಯಾವುದರದ್ದು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಬೆರಕೆ ಸೋಂಕಿನ ಹುಳುವಿನಲ್ಲಿ ಅದನ್ನು ಊಹಿಸಿ ಬರೆಯಬೇಡಿ. ಒಂದೇ ಬಗೆ ಇರುವ ಹುಳು ಸಿಗುವವರೆಗೂ ಇನ್ನಷ್ಟು ಹುಳು ನೋಡುವುದೇ ದಾರಿ.

ಪ್ರಶ್ನೆ: ನನಗೆ ಸಿಕ್ಕ ಟ್ರೋಫೋಜೊಯಿಟ್ 180ರಿಂದ 240 ಮೈಕ್ರೋಮೀಟರ್ ಉದ್ದ. ಹತ್ತಿರದ ಪ್ರಭೇದಕ್ಕೆ ಪ್ರಬಂಧದಲ್ಲಿ 150ರಿಂದ 200 ಎಂದಿದೆ. ಹುಳುವೂ ಬೇರೆ. ಹೊಸ ಪ್ರಭೇದ ಎನ್ನಲು ಇಷ್ಟು ಸಾಕೇ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಸಾಲದು. ಈ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಟ್ರೋಫೋಜೊಯಿಟ್ ಬೆಳೆಯುವ ಹಂತ. ಎಳೆಗರುವಿನ ತೂಕವನ್ನೂ ಎತ್ತಿನ ತೂಕವನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಸರಾಸರಿ ತೆಗೆದಂತೆ, ಎಲ್ಲ ವಯಸ್ಸಿನವನ್ನು ಸೇರಿಸಿದ ಉದ್ದಕ್ಕೆ ಹೆಚ್ಚು ಅರ್ಥವಿಲ್ಲ. ಬಲಿತವನ್ನು ಮಾತ್ರ, ಅಂದರೆ ಜೋಡಿಗೂಡಲು ಸಿದ್ಧವಾದ ಗಾತ್ರದವನ್ನು ಅಳೆಯಿರಿ. ಇನ್ನೊಬ್ಬರು ಬಣ್ಣ ಕಟ್ಟಿದ ಲೇಪದಲ್ಲಿ ಅಳೆದಿದ್ದು ನೀವು ಜೀವಂತವಾಗಿ ಅಳೆದಿದ್ದರೆ ಹೋಲಿಕೆಯೇ ಸಲ್ಲದು; ಆಲ್ಕೋಹಾಲಿನಲ್ಲಿ ಕೋಶ ಕುಗ್ಗುತ್ತದೆ. ನಿಮ್ಮ ವ್ಯತ್ಯಾಸಕ್ಕೆ ಅದೊಂದೇ ಕಾರಣವೂ ಇರಬಹುದು. ಜೊತೆಗೆ 180–200ರ ನಡುವೆ ಎರಡೂ ಪಟ್ಟಿ ಒಂದರ ಮೇಲೊಂದು ಬರುತ್ತವೆ.

ಮೊದಲು ಅಳತೆಯನ್ನೇ ಪರೀಕ್ಷಿಸಿ. ಸ್ಟೇಜ್ ಮೈಕ್ರೋಮೀಟರ್ ಎಂಬ ಅಳತೆಗೆರೆಯ ಸ್ಲೈಡಿನಲ್ಲಿ 1 ಮಿ.ಮೀ.ಯನ್ನು 100 ಪಾಲು ಮಾಡಿರುತ್ತಾರೆ, ಒಂದು ಪಾಲು 10 ಮೈಕ್ರೋಮೀಟರ್. 40ರ ಲೆನ್ಸಿನಲ್ಲಿ ಕಣ್ಣುಗಾಜಿನ 100 ಗೆರೆ ಸ್ಟೇಜಿನ 25 ಪಾಲಿಗೆ ಸರಿಬಂದರೆ, ಕಣ್ಣುಗಾಜಿನ ಒಂದು ಗೆರೆ 2.5 ಮೈಕ್ರೋಮೀಟರ್. ಲೆನ್ಸ್ ಬದಲಿಸಿದಾಗಲೆಲ್ಲ ಈ ಲೆಕ್ಕ ಹೊಸದಾಗಿ ಮಾಡಬೇಕು. ಒಬ್ಬರ ಮೈಕ್ರೋಸ್ಕೋಪಿನ ಲೆಕ್ಕ ಇನ್ನೊಬ್ಬರದ್ದಕ್ಕೆ ಹೊಂದುವುದಿಲ್ಲ.

ಅಳೆಯಬೇಕಾದ್ದು: ಟ್ರೋಫೋಜೊಯಿಟ್‌ನ ಉದ್ದ, ಗರಿಷ್ಠ ಅಗಲ, ಕೋಶಕೇಂದ್ರದ ಎರಡು ಅಳತೆ, ಕ್ಯಾರಿಯೋಸೋಮ್; ಜೋಡಿಯ ಅಳತೆ; ಗ್ಯಾಮಿಟೋಸಿಸ್ಟ್; ಊಸಿಸ್ಟಿನ ಉದ್ದ ಮತ್ತು ಅಗಲ. ಪ್ರತಿಯೊಂದಕ್ಕೂ ಕನಿಷ್ಠ 30, ಅದೂ ಬೇರೆ ಬೇರೆ ಹುಳುಗಳಿಂದ. ಒಂದೇ ಹುಳುವಿನ 30 ಅಳತೆ ಒಂದೇ ಸೋಂಕಿನ ಕತೆಯನ್ನಷ್ಟೇ ಹೇಳುತ್ತದೆ. ಕನಿಷ್ಠ, ಗರಿಷ್ಠ, ಸರಾಸರಿ, ಮಾನಕ ವಿಚಲನೆ ನಾಲ್ಕನ್ನೂ ಕೊಡಿ. ಎಷ್ಟು ಹುಳು ನೋಡಿದಿರಿ, ಎಷ್ಟರಲ್ಲಿ ಸಿಕ್ಕಿತು ಎಂಬುದೂ ಇರಲಿ: 50ರಲ್ಲಿ 18 ಹುಳುವಿನಲ್ಲಿ ಸಿಕ್ಕಿದ್ದರೆ ಶೇ. 36.

ಇವುಗಳಲ್ಲಿ ಹೆಚ್ಚು ನಂಬಬಹುದಾದ್ದು ಊಸಿಸ್ಟ್. ಬಲಿತ ಊಸಿಸ್ಟ್ ಬೆಳೆಯುವುದಿಲ್ಲ, ಕವಚ ಗಟ್ಟಿ, ಆಕಾರ ಸ್ಥಿರ. ಎರಡೂ ತುದಿ ಚೂಪೋ, ಮೊಂಡೋ, ತುದಿಯಲ್ಲಿ ಗುಂಡಿಯಂಥ ಗಂಟಿದೆಯೋ, ಕವಚ ಎಷ್ಟು ದಪ್ಪ, ಇವನ್ನು 100ರ ಎಣ್ಣೆ ಲೆನ್ಸಿನಲ್ಲಿ ನೋಡಿ ಬರೆಯಿರಿ. ಒತ್ತಿ ಒಡೆದು 8 ಸ್ಪೋರೊಜೊಯಿಟ್ ಎಣಿಸಿಯೂ ತೋರಿಸಿ. ಆಮೇಲೆ ಜೋಡಿಗೂಡುವ ಬಗೆ: ತಲೆಗೆ ತಲೆಯೋ, ಪಕ್ಕಕ್ಕೆ ಪಕ್ಕವೋ, ಇಬ್ಬರೂ ಒಂದೇ ಗಾತ್ರವೋ. ನಂತರ ಮುಂತುದಿ, ಕೋಶಕೇಂದ್ರದ ಸ್ಥಾನ. ಟ್ರೋಫೋಜೊಯಿಟ್‌ನ ಉದ್ದ ಎಲ್ಲಕ್ಕಿಂತ ಕೊನೆಗೆ.

ಹುಳು ಬೇರೆ ಎಂಬ ವಾದವೂ ಒಂಟಿಯಾಗಿ ನಿಲ್ಲದು. ಒಂದೇ ಗ್ರೆಗರೈನ್ ಪ್ರಭೇದ ಹಲವು ಎರೆಹುಳುಗಳಲ್ಲಿ ದಾಖಲಾಗಿರುವುದುಂಟು. ಹೊಸ ಆಶ್ರಯದಾತ ಸಿಕ್ಕಿದ್ದು ‘ಹೊಸ ದಾಖಲೆ’. ಅದೂ ಪ್ರಕಟಣೆಗೆ ಯೋಗ್ಯವೇ, ನಾಚಿಕೊಳ್ಳಬೇಕಿಲ್ಲ. ಆದರೆ ಹುಳುವನ್ನು ಸರಿಯಾಗಿ ಗುರುತಿಸಿರಬೇಕು. ಬಲಿತ ಹುಳುವಿನ ಮುಂದಿನ ಅರ್ಧವನ್ನು ಶೇ. 10ರ ಫಾರ್ಮಲಿನ್‌ನಲ್ಲಿ ಗಟ್ಟಿಮಾಡಿ ಆಲ್ಕೋಹಾಲಿನಲ್ಲಿ ಇಡಿ, ಬಾಲದ ಚೂರನ್ನು ಡಿ.ಎನ್.ಎ.ಗಾಗಿ ಶುದ್ಧ ಆಲ್ಕೋಹಾಲಿನಲ್ಲಿ ಇಡಿ. ಎರಡಕ್ಕೂ ಸ್ಲೈಡಿನದೇ ಸಂಖ್ಯೆ ಹಾಕಿ. ‘ಗದ್ದೆಯ ಎರೆಹುಳು’ ಎಂದಷ್ಟೇ ಬರೆದ ವಿವರಣೆಯನ್ನು ಮುಂದೆ ಯಾರೂ ಪರಿಶೀಲಿಸಲಾರರು.

ಹೋಲಿಸಲು ಬರೀ ಇತ್ತೀಚಿನ ಪ್ರಬಂಧಗಳು ಸಾಲವು. ಹೆಸ್ಸೆ 1909ರಲ್ಲಿ ಫ್ರೆಂಚಿನಲ್ಲಿ ಬರೆದ ಎರೆಹುಳು ಗ್ರೆಗರೈನ್‌ಗಳ ದೊಡ್ಡ ಅಧ್ಯಯನ, ಬಿ.ಎಲ್. ಭಾಟಿಯಾ 1938ರಲ್ಲಿ ಬ್ರಿಟಿಷ್ ಇಂಡಿಯಾದ ಸ್ಪೋರೊಜೋವಾ ಬಗ್ಗೆ ಬರೆದ ಸಂಪುಟ, ಲೆವೀನ್ 1988ರಲ್ಲಿ ಕೊಟ್ಟ ಎಪಿಕಾಂಪ್ಲೆಕ್ಸಾ ಪಟ್ಟಿ, ಆಮೇಲೆ ಪಶ್ಚಿಮ ಬಂಗಾಳದ ಎರೆಹುಳುಗಳಿಂದ ವಿವರಿಸಿದ ಹಲವು ಪ್ರಭೇದಗಳು, ಇವನ್ನೆಲ್ಲ ಎದುರಿಗಿಟ್ಟು ಒಂದು ಕೋಷ್ಟಕ ಮಾಡಿ. ಪ್ರತಿ ಹತ್ತಿರದ ಪ್ರಭೇದದ ಎದುರು ‘ನನ್ನದು ಇದಕ್ಕಿಂತ ಹೇಗೆ ಭಿನ್ನ’ ಎಂದು ಒಂದು ವಾಕ್ಯ ಬರೆಯಲು ಆಗಬೇಕು. ಒಂದು ಸಾಲಿನಲ್ಲಾದರೂ ಕೈ ತಡೆದರೆ ಹೆಸರಿಡುವ ಹೊತ್ತು ಬಂದಿಲ್ಲ.

ಪ್ರಶ್ನೆ: ಡಿ.ಎನ್.ಎ. ಇಲ್ಲದೆ ಈಗ ಯಾರೂ ಪ್ರಕಟಿಸುವುದಿಲ್ಲ ಎನ್ನುತ್ತಾರೆ. ನಿಜವೇ?
— ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಸಂಹಿತೆ ಡಿ.ಎನ್.ಎ. ಕೇಳುವುದಿಲ್ಲ. ಆದರೆ ಆಗುವಂತಿದ್ದರೆ ಮಾಡಿ, ಏಕೆಂದರೆ ಆಕಾರದಲ್ಲಿ ಒಂದೇ ತರಹ ಕಾಣುವ ಈ ಗುಂಪಿನಲ್ಲಿ ಅದರಿಂದ ಬಹಳ ಉಪಯೋಗವಿದೆ. ಸಾಮಾನ್ಯವಾಗಿ ಓದುವುದು 18ಎಸ್ ರೈಬೋಸೋಮ್ ಜೀನ್. ಇಡೀ ವೀರ್ಯಚೀಲವನ್ನು ಅರೆದು ಡಿ.ಎನ್.ಎ. ತೆಗೆದರೆ ಬರುವುದು ಎರೆಹುಳುವಿನದ್ದೇ, ಇಲ್ಲವೇ ಬೆರಕೆ ಸೋಂಕಿನದು. ಎಳೆದು ಸಣ್ಣ ಮಾಡಿದ ಗಾಜಿನ ಪಿಪೆಟ್‌ನಿಂದ ಒಂದೊಂದೇ ಟ್ರೋಫೋಜೊಯಿಟ್ ಹೀರಿ, ಹೊಸ ಹೊಸ ಉಪ್ಪುನೀರಿನ ಹನಿಗಳಲ್ಲಿ ನಾಲ್ಕೈದು ಸಲ ತೊಳೆದು, ಫೋಟೋ ತೆಗೆದ ಮೇಲೆ ಟ್ಯೂಬಿಗೆ ಹಾಕಿ. ಒಂದೇ ಗ್ಯಾಮಿಟೋಸಿಸ್ಟ್ ಇನ್ನೂ ಒಳ್ಳೆಯದು: ಎರಡೇ ಜೀವಿಗಳ ಸಂತಾನ, ಆದರೆ ಡಿ.ಎನ್.ಎ.ಯ ಪ್ರತಿಗಳು ಬಹಳ. ಅದರ ಕವಚ ಮಾತ್ರ ಸುಲಭಕ್ಕೆ ಒಡೆಯದು, ಹಲವು ಸಲ ಹೆಪ್ಪುಗಟ್ಟಿಸಿ ಕರಗಿಸಬೇಕಾಗುತ್ತದೆ.

ಜೀನ್ ಬ್ಯಾಂಕ್ ಎಂಬ ಡಿ.ಎನ್.ಎ. ಅನುಕ್ರಮಗಳ ಸಾರ್ವಜನಿಕ ಸಂಗ್ರಹದಲ್ಲಿ ಹೋಲುವ ಅನುಕ್ರಮ ಸಿಗಲಿಲ್ಲ ಎಂಬುದನ್ನು ‘ಹೊಸದು’ ಎಂದು ಓದಬೇಡಿ. ವಿವರಿಸಿದ ಗ್ರೆಗರೈನ್‌ಗಳಲ್ಲಿ ಹೆಚ್ಚಿನವುಗಳ ಅನುಕ್ರಮವನ್ನೇ ಯಾರೂ ಓದಿಲ್ಲ.

ಪ್ರಶ್ನೆ: ಎರೆಗೊಬ್ಬರದ ತೊಟ್ಟಿಯ ಹುಳುಗಳಲ್ಲಿ ಈ ರೋಗವಿದ್ದರೆ ಗೊಬ್ಬರ ಕೆಡುತ್ತದೆಯೇ? ಕೆಲಸ ಮಾಡುವ ನಮಗೆ, ದನಗಳಿಗೆ ತಗಲುತ್ತದೆಯೇ? ಔಷಧಿ ಹಾಕಬೇಕೇ?
— ರೈತರು, ಹಾಸನ ಜಿಲ್ಲೆ

ಉತ್ತರ: ಮನುಷ್ಯರಿಗೂ ದನಕರುಗಳಿಗೂ ತಗಲುವುದಿಲ್ಲ. ಗೊಬ್ಬರಕ್ಕೆ ಏನೂ ಆಗುವುದಿಲ್ಲ. ಹುಳು ಸಾಯುವುದೂ ಅಪರೂಪ. ಯುರೋಪಿನ ಲುಂಬ್ರಿಕಸ್ ಟೆರೆಸ್ಟ್ರಿಸ್‌ನಲ್ಲಿ ಮಾನೊಸಿಸ್ಟಿಸ್ ಹೆಚ್ಚಿದ್ದ ಹುಳುಗಳು ನಿಧಾನವಾಗಿ ಬೆಳೆದದ್ದು ಕಂಡುಬಂದಿದೆ, ಪರಾವಲಂಬಿ ವೀರ್ಯವನ್ನೂ ತಿನ್ನುತ್ತದೆ. ಔಷಧಿ ಖಂಡಿತ ಬೇಡ, ಅದು ಹುಳುವನ್ನೇ ಕೊಲ್ಲುತ್ತದೆ. ನಿಮ್ಮ ತೊಟ್ಟಿಯಲ್ಲಿ ಹುಳು ಕಡಿಮೆಯಾಗುತ್ತಿದ್ದರೆ ಮೊದಲು ಬಿಸಿ, ತೇವ, ಹಸಿ ಸಗಣಿ, ಇರುವೆ, ಇವನ್ನು ನೋಡಿ. ಬಹುಪಾಲು ಕಾರಣ ಅಲ್ಲೇ ಸಿಗುತ್ತದೆ. ಸತ್ತ ಹುಳುಗಳ ರಾಶಿಯನ್ನು ಹೊಸ ತೊಟ್ಟಿಗೆ ಹಾಕದಿರುವುದು, ಹಕ್ಕಿ ಕೂರದಂತೆ ಬಲೆ ಕಟ್ಟುವುದು ಒಳ್ಳೆಯ ಅಭ್ಯಾಸ.

ಪ್ರಶ್ನೆ: ನಮ್ಮೂರು ಶಿರಸಿಯ ಹೆಸರನ್ನೋ, ಅಜ್ಜಿಯ ಹೆಸರನ್ನೋ ಇಡಬೇಕೆಂದಿದೆ. ಸಮ್ಮೇಳನದ ಪೋಸ್ಟರಿನಲ್ಲಿ ಹೆಸರನ್ನು ಆಗಲೇ ಹಾಕಿಬಿಡಲೇ? ಮಾದರಿ ಯಾವುದು, ಎಲ್ಲಿಡಬೇಕು?
— ಸಂಶೋಧನಾ ವಿದ್ಯಾರ್ಥಿ, ಉತ್ತರ ಕನ್ನಡ

ಉತ್ತರ: ಪೋಸ್ಟರಿನಲ್ಲಿ ಹಾಕಬೇಡಿ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮಸಂಹಿತೆಯ ಪ್ರಕಾರ ಸಮ್ಮೇಳನಕ್ಕೆ ಬಂದವರಿಗೆಂದು ಕೊಡುವ ಸಾರಾಂಶ, ಪೋಸ್ಟರುಗಳು ಪ್ರಕಟಣೆಯಲ್ಲ. ಹೆಸರಿಗೆ ಮಾನ್ಯತೆ ಸಿಗುವುದಿಲ್ಲ, ಆದರೆ ಹೊರಗೆ ಸುಳಿದಾಡತೊಡಗುತ್ತದೆ. ಆಮೇಲೆ ಗೊಂದಲ ಬಿಡಿಸುವುದು ಕಷ್ಟ. ‘ಮಾನೊಸಿಸ್ಟಿಸ್ ಪ್ರಭೇದ’ ಎಂದಷ್ಟೇ ಬರೆಯಿರಿ.

ಊರಿನ ಹೆಸರಾದರೆ ಕೊನೆಗೆ ‘ಎನ್ಸಿಸ್’: ಶಿರಸಿಯೆನ್ಸಿಸ್ ಎಂಬಂತೆ. ಮಾನೊಸಿಸ್ಟಿಸ್ ಸ್ತ್ರೀಲಿಂಗದ ಪದ, ವಿಶೇಷಣ ಅದಕ್ಕೆ ಹೊಂದಬೇಕು; ಎನ್ಸಿಸ್ ಹೊಂದುತ್ತದೆ. ಮಹಿಳೆಯ ಹೆಸರಾದರೆ ಕೊನೆಗೆ ಎ-ಇ ಎಂಬ ಎರಡಕ್ಷರದ ಲ್ಯಾಟಿನ್ ಪ್ರತ್ಯಯ, ಗಂಡಸಿನದಾದರೆ ಐ. ಅಜ್ಜಿಯ ಹೆಸರಿಡಲು ಯಾವ ಅಡ್ಡಿಯೂ ಇಲ್ಲ. ತನ್ನದೇ ಹೆಸರಿಡುವುದನ್ನು ನಿಯಮ ತಡೆಯದಿದ್ದರೂ ಯಾರೂ ಹಾಗೆ ಮಾಡುವುದಿಲ್ಲ. ಅದೇ ಕುಲದಲ್ಲಿ ಆ ಹೆಸರು ಈಗಾಗಲೇ ಇಲ್ಲವೆಂದು ಹುಡುಕಿ ನೋಡಿ, ಏಕೆಂದರೆ ಒಂದೇ ಕುಲದಲ್ಲಿ ಎರಡು ಸಲ ಬಂದರೆ ನಂತರದ್ದು ಬೀಳುತ್ತದೆ.

1999ರ ನಂತರದ ಹೆಸರುಗಳಿಗೆ ಇನ್ನೆರಡು ಕಡ್ಡಾಯ. ಇದು ಹೊಸ ಪ್ರಭೇದ ಎಂದು ಪ್ರಬಂಧದಲ್ಲೇ ಸ್ಪಷ್ಟವಾಗಿ ಹೇಳಿರಬೇಕು. ಹೆಸರು ಹೊರುವ ಮಾದರಿಯನ್ನು, ಅಂದರೆ ಆ ಹೆಸರು ಯಾವುದಕ್ಕೆ ಎಂದು ತೋರಿಸುವ ಸ್ಲೈಡನ್ನು, ನಿಗದಿಮಾಡಿರಬೇಕು. ಆನ್‌ಲೈನಿನಲ್ಲಷ್ಟೇ ಬರುವ ಪತ್ರಿಕೆಯಾದರೆ 2012ರಿಂದ ಪ್ರಾಣಿಗಳ ಹೆಸರಿನ ಅಧಿಕೃತ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಣಿಯಾಗಿ, ಅದರ ಸಾಕ್ಷಿ ಪ್ರಬಂಧದೊಳಗೇ ಇರಬೇಕು. ಇದನ್ನು ಮರೆತು ಹೆಸರು ಕಳೆದುಕೊಂಡವರಿದ್ದಾರೆ.

ಮಾದರಿಯ ವಿಷಯದಲ್ಲಿ ಏಕಕೋಶ ಜೀವಿಗಳಿಗೆ ಒಂದು ವಿಶೇಷ ಅನುಕೂಲವಿದೆ. ಒಂದೇ ಟ್ರೋಫೋಜೊಯಿಟ್ ಇಡೀ ಪ್ರಭೇದವನ್ನು ಪ್ರತಿನಿಧಿಸಲಾರದು. ಹಾಗಾಗಿ ಬೇರೆ ಬೇರೆ ಹಂತಗಳಿರುವ ಒಂದು ಅಥವಾ ಹೆಚ್ಚು ಸ್ಲೈಡುಗಳು ಒಟ್ಟಾಗಿ ಒಂದು ಮಾದರಿ ಎನಿಸಬಹುದು. ಇದಕ್ಕೆ ಹ್ಯಾಪಾಂಟೋಟೈಪ್ ಎನ್ನುತ್ತಾರೆ. ಒಂದೇ ಹುಳುವಿನ ಸ್ಲೈಡುಗಳನ್ನೇ ಇದಕ್ಕೆ ಆರಿಸಿ. ನೀವು ಚಿತ್ರ ಬರೆದ ಟ್ರೋಫೋಜೊಯಿಟ್‌ನ ಸುತ್ತ ಗಾಜಿನ ಮೇಲೆ ಮಸಿಯ ವೃತ್ತ ಹಾಕಿ, ಲೇಬಲ್ಲಿನಲ್ಲಿ ಹುಳು, ಊರು, ಅಕ್ಷಾಂಶ–ರೇಖಾಂಶ, ದಿನಾಂಕ, ಸಂಗ್ರಹಿಸಿದವರ ಹೆಸರು, ಬಣ್ಣದ ವಿಧಾನ ಬರೆಯಿರಿ.

2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜೀವಿ ಕಂಡವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಒಪ್ಪಿಸಬೇಕು. ಪ್ರಾಣಿಗಳಿಗೆ ಕೋಲ್ಕತ್ತಾದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆ ಅಂಥ ಭಂಡಾರ. ಅಲ್ಲಿ ಕೊಡುವ ನೋಂದಣಿ ಸಂಖ್ಯೆಯನ್ನು ಪ್ರಬಂಧದಲ್ಲಿ ನಮೂದಿಸಿ. ಕಾಡಿನೊಳಗಿಂದ ಹುಳು ತೆಗೆದಿದ್ದರೆ ಅರಣ್ಯ ಇಲಾಖೆಯ ಅನುಮತಿ ಪತ್ರ, ವಿದೇಶದ ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದಾದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ, ಎರಡನ್ನೂ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ವಸ್ತುಸಂಗ್ರಹದಲ್ಲಿ ಹಲವು ವರ್ಷ ಹಿಂದಿನ ಫಾರ್ಮಲಿನ್ ಜಾಡಿಯ ಎರೆಹುಳುಗಳಿವೆ. ಅವುಗಳಲ್ಲಿ ಹುಡುಕಬಹುದೇ?
— ಪ್ರಾಧ್ಯಾಪಕರು, ಬೆಳಗಾವಿ

ಉತ್ತರ: ಊಸಿಸ್ಟ್ ಮತ್ತು ಗ್ಯಾಮಿಟೋಸಿಸ್ಟ್ ಸಿಗಬಹುದು, ಅವುಗಳ ಕವಚ ಗಟ್ಟಿ. ಟ್ರೋಫೋಜೊಯಿಟ್‌ಗಳು ಹುಳುವಿನ ಜೊತೆಗೇ ನಿಧಾನವಾಗಿ ಸತ್ತು ಮುದುಡಿರುತ್ತವೆ, ಅವುಗಳ ಅಳತೆಯನ್ನು ಯಾವ ಹೋಲಿಕೆಗೂ ಬಳಸುವಂತಿಲ್ಲ. ಡಿ.ಎನ್.ಎ.ಯೂ ಚೂರಾಗಿರುತ್ತದೆ. ಜಾಡಿಯ ಲೇಬಲ್ಲಿನಲ್ಲಿ ಊರೂ ದಿನಾಂಕವೂ ಇದ್ದರೆ ‘ಇಂಥಲ್ಲಿ ಸೋಂಕು ಇತ್ತು’ ಎಂಬಷ್ಟು ಮಾತ್ರ ಹೇಳಬಹುದು. ಹುಳುವನ್ನು ಪೂರ್ತಿ ಸೀಳದೆ, ಬೆನ್ನ ಮೇಲೆ 10ರಿಂದ 13ನೇ ಖಂಡದವರೆಗೆ ಚಿಕ್ಕ ಕಿಟಕಿಯಷ್ಟು ಕೊಯ್ದು ಒಂದು ಪಕ್ಕದ ಚೀಲವನ್ನಷ್ಟೇ ತೆಗೆಯಿರಿ. ಇನ್ನೊಂದು ಪಕ್ಕದ್ದು ಹಾಗೆಯೇ ಉಳಿಯಲಿ, ಹುಳುವನ್ನು ಮತ್ತೆ ಗುರುತಿಸಬೇಕಾದವರಿಗೆ ಬೇಕಾಗುತ್ತದೆ.